ಕಾಲೇಜ್ ಫುಟ್‌ಬಾಲ್ 25: ಡಿಫೆನ್ಸ್ ಆಡೋರಿಗೆ ಈ ಗೇಮ್ ಹೆಂಗೈತಿ

ಮೊದಲ ಹೇಳಿಬಿಡ್ತೀನ್ರಿ, ಇದು ನಮ್ಮ ಬೆಳಗಾವಿ ಲೇಲೆ ಮೈದಾನದಾಗ ಆಡ್ತಾರಲ್ಲ ಆ ಫುಟ್‌ಬಾಲ್ ಅಲ್ಲ. ಅಮೆರಿಕಾದ್ದು, ಹೆಲ್ಮೆಟ್ಟು ಭುಜಕ್ಕ ಪ್ಯಾಡು ಹಾಕ್ಕೊಂಡು, ಉದ್ದಗಿನ ಬಾಲ್ ಕೈಯಾಗ ಹಿಡಕೊಂಡು ಓಡೋದು, ಮೈಗೆ ಮೈ ಬಡಿಯೋದು. ಗೇಮಿನ ಪೂರ್ತಿ ಹೆಸರು ಇಎ ಸ್ಪೋರ್ಟ್ಸ್ ಕಾಲೇಜ್ ಫುಟ್‌ಬಾಲ್ 25, 2024 ಜುಲೈ 19ಕ್ಕ ಬಿಡುಗಡೆ ಆತು, ಅಲ್ಲಿನ ದೊಡ್ಡ ಡಿವಿಷನ್ನಿನ 134 ಕಾಲೇಜ್ ಟೀಮೂ ಇದರಾಗ ಅದಾವ. ಇದರ ಬಗ್ಗೆ ಇಂಗ್ಲಿಷ್‌ನ್ಯಾಗ ರಿವ್ಯೂ ರಗಡ ಅದಾವ, ಆದ್ರ ಹೆಚ್ಚಿನವ್ರೆಲ್ಲಾ ಕ್ವಾರ್ಟರ್‌ಬ್ಯಾಕ್ ಹಿಂದ ಬಿದ್ದಾರ, ಬಾಲ್ ಎಸ್ಯಾವ ಹೆಂಗ ಎಸೀತಾನ, ಹಿಡ್ಯಾವ ಹೆಂಗ ಹಿಡೀತಾನ, ಅಷ್ಟ. ನಾನು ಡಿಗ್ರಿ ಓದೂ ಮುಂದ ಕಬಡ್ಡಿ ಆಡಿದವ, ಎಡ ಕಾರ್ನರ್, ರಾಣಿ ಚನ್ನಮ್ಮ ಯೂನಿವರ್ಸಿಟಿ ಝೋನಲ್ ಮ್ಯಾಚಿಗೆ ಬಾಗಲಕೋಟಿ, ಜಮಖಂಡಿ, ವಿಜಯಪುರ ಎಲ್ಲಾ ಕಡೆ ಬಸ್ಸಿನ್ಯಾಗ ತಿರುಗಿದವ. ಅದಕ್ಕ ಈ ಗೇಮಿನ್ಯಾಗ ಒಬ್ಬ ಡಿಫೆನ್ಸ್ ಆಟಗಾರನ ಕಾಲೇಜ್ ಕರಿಯರ್ ಹೆಂಗ ಮಾಡ್ಯಾರ ಅಂತ ಅದನ್ನಷ್ಟ ಹಿಡಕೊಂಡು ಬರಿಯಾಕತ್ತೀನಿ. ಕ್ವಾರ್ಟರ್‌ಬ್ಯಾಕ್ ಬೇಕಾದವ್ರು ಬ್ಯಾರೆ ಕಡೆ ಓದ್ಕೋರಿ.

ತಗೋಳೋ ಮುಂದ ಒಂದು ಮಾತು ನೆನಪಿಡ್ರಿ, ಇದು ಪಿಎಸ್5 ಮತ್ತ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್ ಅಷ್ಟಕ್ಕ ಬಂದೈತಿ. ಪಿಎಸ್4ಗೆ ಇಲ್ಲ, ಕಂಪ್ಯೂಟರಿಗೂ ಇಲ್ಲ. ನಮ್ಮ ಕಡೆ ಭಾಳ ಹುಡುಗರ ಹತ್ರ ಇನ್ನೂ ಪಿಎಸ್4 ಐತಿ, ಹಂಗಾಗಿ ಡಿಸ್ಕ್ ಸಿಕ್ಕೈತಿ ಅಂತ ಓಡಿಹೋಗಿ ತಗೋಬ್ಯಾಡ್ರಿ. ಅಲ್ಲಿ ಬಿಡುಗಡೆ ಆದಾಗ ರೇಟು 69.99 ಡಾಲರ್ ಇತ್ತು, ನಮ್ಮ ರೊಕ್ಕದಾಗ ಆಗ ಆರು ಸಾವಿರದ ಹತ್ರ ಹತ್ರ. ನಂಗ ನಮ್ಮ ಅಕ್ಕನ ಮಗ ಟೆಕ್ಸಾಸಿಂದ ಬರೂ ಮುಂದ ಡಿಸ್ಕ್ ತಂದುಕೊಟ್ಟ, ಪಿಎಸ್5 ಗೇಮ್ ಡಿಸ್ಕಿಗೆ ದೇಶದ ಲಾಕ್ ಇಲ್ಲ ಅಂತ ಗೊತ್ತಿತ್ತು, ಹಾಕಿದ ಕೂಡಲೇ ಓಡ್ತು. ನಿಮಗೂ ಯಾರರ ತರೋರಿದ್ರ ಡಿಸ್ಕ್ ತರಸ್ಕೋರಿ, ಆದ್ರ ಅಲ್ಲಿನ ಕೋಡ್, ಪಾಯಿಂಟ್ಸ್ ಅಂತ ಏನೇನರ ತರಸ್ಕೋಬ್ಯಾಡ್ರಿ, ಅವು ಅಕೌಂಟು ಯಾವ ದೇಶದ್ದೋ ಅದಕ್ಕ ಹೊಂದಬೇಕು. ಕರಿಯರ್ ಆಡಾಕ ಅವು ಬೇಕಾಗೂದೂ ಇಲ್ಲ.

ಈ ಗೇಮ್ 11 ವರ್ಷ ನಿಂತುಹೋಗಿತ್ತು. ಹಿಂದಿಂದು 2013ರಾಗ ಬಂದಿತ್ತು, ಆಮ್ಯಾಲ ಬಂದ್. ಯಾಕ ನಿಂತ್ತು ಅನ್ನೂದು ಕಾಲೇಜ್ ಮಟ್ಟದಾಗ ಆಡಿದ ಯಾರಿಗಾದ್ರೂ ಮನಸಿಗೆ ನಾಟೋ ವಿಷಯ. ಅಲ್ಲಿ ಕಾಲೇಜ್ ಆಟಗಾರರಿಗೆ ರೊಕ್ಕ ಕೊಡೋ ಹಂಗಿರ್ಲಿಲ್ಲ, ಸ್ಕಾಲರ್‌ಶಿಪ್ ಅಷ್ಟ, ಆದ್ರ ಗೇಮಿನ್ಯಾಗ ಅವರದ ಜರ್ಸಿ ನಂಬರು, ಅವರದ ಎತ್ತರ, ಅವರದ ಆಟ, ಹೆಸರೊಂದು ಬಿಟ್ಟು ಎಲ್ಲಾ ಇರ್ತಿತ್ತು. ಸ್ಯಾಮ್ ಕೆಲ್ಲರ್ ಅನ್ನೋ ಕ್ವಾರ್ಟರ್‌ಬ್ಯಾಕು, ಎಡ್ ಓ'ಬ್ಯಾನನ್ ಅನ್ನೋ ಬಾಸ್ಕೆಟ್‌ಬಾಲ್ ಆಟಗಾರ, ಇಬ್ಬರೂ 2009ರಾಗ ಕೋರ್ಟಿಗೆ ಹೋದ್ರು. ಕಡೀಕ ಗೇಮ್ ಮಾಡಿದ ಇಎ ಕಂಪನಿ ಕಡಿಯಿಂದ 40 ಮಿಲಿಯನ್, ಅಲ್ಲಿನ ಕಾಲೇಜ್ ಆಟ ನಡಸೋ ಸಂಸ್ಥೆ ಎನ್‌ಸಿಎಎ ಕಡಿಯಿಂದ 20 ಮಿಲಿಯನ್ ಡಾಲರ್ ಕೊಟ್ಟು ಮುಗಿಸಿದ್ರು. 2021 ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮುಖದ ಮ್ಯಾಲ ದುಡೀಬಹುದು ಅಂತ ಆದ ಮ್ಯಾಲನ ಈ ಗೇಮ್ ವಾಪಸ್ ಬರಾಕ ದಾರಿ ಆತು. ಈ ಸಲ ಒಪ್ಪಿದ ಒಬ್ಬೊಬ್ಬರಿಗೂ 600 ಡಾಲರ್ ಮತ್ತ ಒಂದು ಗೇಮ್ ಕಾಪಿ, ಒಪ್ಪಿದವ್ರು 10,000ಕ್ಕಿಂತ ಹೆಚ್ಚು ಮಂದಿ. 600 ಡಾಲರ್ ಅಂದ್ರ ಆಗಿನ ಲೆಕ್ಕದಾಗ ಐವತ್ತು ಸಾವಿರ ರೂಪಾಯಿ. ಅಲ್ಲಿನವ್ರಿಗೆ ಅದು ಸಣ್ಣ ರೊಕ್ಕ ಅಂತ ಜಗಳಾನೂ ಆಗೇತಿ, ನನಗ ಮಾತ್ರ ಬೆಂಚಿನ ಮ್ಯಾಲ ಕುಂತ, ಡಿಫೆನ್ಸಿನ ಮೂರನೇ ನಂಬರ್ ಲೈನ್‌ಬ್ಯಾಕರ್‌ಗೂ ಸ್ಟಾರ್ ಕ್ವಾರ್ಟರ್‌ಬ್ಯಾಕ್‌ನಷ್ಟ ರೊಕ್ಕ ಕೊಟ್ರು ಅನ್ನೂದು ಚಲೋ ಅನಿಸ್ತು.

ಆಟ ಗೊತ್ತಿಲ್ಲದವ್ರಿಗೆ ಎರಡು ಮಾತಿನ್ಯಾಗ ಹೇಳ್ತೀನಿ. ಒಂದ್ಕಡೆ 11 ಮಂದಿ. ಬಾಲ್ ಇದ್ದ ಟೀಮಿಗೆ ನಾಕು ಸಲ ಅವಕಾಶ, ಅಷ್ಟರಾಗ 10 ಯಾರ್ಡ್ ಮುಂದ ಹೋಗಬೇಕು, ಹೋದ್ರ ಮತ್ತ ನಾಕು ಸಿಗ್ತಾವ. ನಾಕನೇದ್ದಕ್ಕ ಹೆಚ್ಚಾಗಿ ಬಾಲ್ ಒದ್ದು ಎದುರಿನವ್ರಿಗೆ ಕೊಟ್ಟುಬಿಡ್ತಾರ, ಹಂಗಾಗಿ ಮೂರನೇ ಅವಕಾಶನ ಖರೇ ಜೀವ. ಥರ್ಡ್ ಡೌನ್ ಅಂತಾರ ಅದಕ್ಕ. ಕಬಡ್ಡಿ ನೋಡೋರಿಗೆ ಬಿಡಿಸಿ ಹೇಳೋದು ಬ್ಯಾಡ, ಎರಡು ರೇಡ್ ಖಾಲಿ ಹೋಗಿ ಮೂರನೇದು ಡು ಆರ್ ಡೈ ಬಂದಾಗ ಕಾರ್ನರ್ ನಿಂತಾವನ ಎದಿ ಹೆಂಗ ಬಡ್ಕೋತೈತಿ, ಅದ ಎದಿಬಡಿತ ಇಲ್ಲಿ ಥರ್ಡ್ ಡೌನಿಗೆ ಬರ್ತೈತಿ. ಈ ಗೇಮ್ ಅದನ್ನ ಹಿಡದೈತಿ, ಅದಕ್ಕ ನಾನು ಇಷ್ಟು ಬರ್ಯಾಕ ಕುಂತೀನಿ.

ಕರಿಯರ್ ಆಡೋ ಮೋಡಿಗೆ ರೋಡ್ ಟು ಗ್ಲೋರಿ ಅಂತ ಹೆಸರು. ನಿಮ್ಮ ಹುಡುಗನ್ನ ನೀವ ಮಾಡ್ಕೋತೀರಿ, ಅವ ಐದು ಸ್ಟಾರಿನ ಹುಡುಗನೋ, ನಾಕೋ, ಮೂರೋ, ಎರಡೋ ಅಂತ ಆರಿಸ್ಕೋತೀರಿ, ಕಾಲೇಜ್ ಆರಿಸ್ಕೋತೀರಿ. ಅಲ್ಲಿ ಹೈಸ್ಕೂಲಿನ್ಯಾಗ ಆಡೋ ಹುಡುಗರಿಗೆ ಖರೇನ ಹಿಂಗ ಸ್ಟಾರ್ ಕೊಡ್ತಾರ. ಪೊಸಿಷನ್ ಐದು ಅದಾವ, ಕ್ವಾರ್ಟರ್‌ಬ್ಯಾಕ್, ಬಾಲ್ ಹಿಡಕೊಂಡು ಓಡೋ ಹಾಫ್‌ಬ್ಯಾಕ್, ಎಸದ ಬಾಲ್ ಹಿಡಿಯೋ ವೈಡ್ ರಿಸೀವರ್, ಇವು ಮೂರೂ ಅಟ್ಯಾಕಿನವು. ಡಿಫೆನ್ಸಿಗೆ ಎರಡ, ಮಿಡ್ಲ್ ಲೈನ್‌ಬ್ಯಾಕರ್ ಮತ್ತ ಕಾರ್ನರ್‌ಬ್ಯಾಕ್. ಆಮ್ಯಾಲ ವಾರ ವಾರ ಒಂದಿಷ್ಟು ಎನರ್ಜಿ ಸಿಗ್ತೈತಿ, ಅದನ್ನ ಓದಿಗೆ, ಲೀಡರ್‌ಶಿಪ್ಪಿಗೆ, ಮೈ ಆರೈಕಿಗೆ, ಟ್ರೇನಿಂಗಿಗೆ, ತನ್ನ ಬ್ರ್ಯಾಂಡಿಗೆ ಅಂತ ಹಂಚಬೇಕು. ಮಾರ್ಕ್ಸ್ ಬಿದ್ರ ತ್ರಾಸು, ಮೈ ದಣದ್ರ ತ್ರಾಸು, ಕೋಚ್ ನಂಬಲಿಲ್ಲ ಅಂದ್ರ ಬೆಂಚು. ಇದನ್ನ ಕೆಲವರು ಬೋರು ಅಂತ ಬೈದಾರ, ನಾನು ಒಪ್ಪೂದಿಲ್ಲ. ಕಾಲೇಜಿನ್ಯಾಗ ಆಡಿದವ್ರಿಗೆ ಗೊತ್ತು, ಇಂಟರ್ನಲ್ ಎಕ್ಸಾಮ್ ಇದ್ದ ವಾರದಾಗನ ಟೂರ್ನಮೆಂಟ್ ಬರ್ತೈತಿ, ಪಿಟಿ ಸರ್ ಒಂದ್ಕಡೆ ಎಳೀತಾರ, ಎಚ್‌ಓಡಿ ಒಂದ್ಕಡೆ ಎಳೀತಾರ. ಆ ಎಳದಾಟ ಇಲ್ಲದ ಕಾಲೇಜ್ ಕರಿಯರ್ ಏನ್ ಕರಿಯರ್ರಿ.

ಈಗ ಮಿಡ್ಲ್ ಲೈನ್‌ಬ್ಯಾಕರ್. ಈ ಗೇಮ್ ತಗೋಳಾಕ ಇದೊಂದ ಕಾರಣ ಸಾಕು ಅಂತೀನಿ ನಾನು. ಮುಂದ ಮೂರೋ ನಾಕೋ ಮಂದಿ ದೊಡ್ಡ ಆಳುಗಳು ನೆಲಕ್ಕ ಕೈ ಊರಿ ಕುಂತಿರ್ತಾರ, ಹಿಂದ ಸೇಫ್ಟಿ, ಅಂಚಿಗೆ ಕಾರ್ನರ್‌ಬ್ಯಾಕ್, ನಡುವ ನೀವು. ಕ್ಯಾಮೆರಾ ನಿಮ್ಮ ಹುಡುಗನ ಬೆನ್ನಿಗೆ ಇರ್ತೈತಿ, ಮ್ಯಾಲಿಂದ ಇಡೀ ಮೈದಾನ ಕಾಣೂ ಟಿವಿ ಕ್ಯಾಮೆರಾ ಅಲ್ಲ, ಹಂಗಾಗಿ ಎದುರಿನ ಐದು ಮಂದಿ ಗೋಡಿ ಆಗಿ ನಿಂತಾಗ ಅವರ ಹಿಂದ ಬಾಲ್ ಯಾರ ಕೈಯಾಗ ಐತಿ ಅನ್ನೂದ ಕಾಣೂದಿಲ್ಲ. ಮೊದಮೊದಲು ಎಲ್ಲಾರೂ ಬಾಲ್ ಹುಡುಕ್ಯಾಡ್ತಾರ, ಬಾಲ್ ಹುಡುಕಿದ್ರ ಕೆಲಸ ಕೆಡ್ತು. ಅಮೆರಿಕಾದ ಕೋಚ್‌ಗಳು ಹುಡುಗರಿಗೆ ಹೇಳಿಕೊಡೋದು ಏನಂದ್ರ ಬಾಲ್ ನೋಡಬ್ಯಾಡ, ಗಾರ್ಡ್ ನೋಡು. ಗಾರ್ಡ್ ಅಂದ್ರ ಎದುರಿನ ಲೈನಿನ್ಯಾಗ ನಡುವಿನಾವನ ಎಡಕ್ಕೊಬ್ಬ ಬಲಕ್ಕೊಬ್ಬ ಇರ್ತಾರಲ್ಲ ಅವರು. ಅವ ತಲಿ ತಗ್ಗಿಸಿ ಮುಂದಕ್ಕ ನುಗ್ಗಿದ ಅಂದ್ರ ಓಡೋ ಪ್ಲೇ, ಎದ್ದು ಹಿಂದಕ್ಕ ಸರದ ಅಂದ್ರ ಎಸಿಯೋ ಪ್ಲೇ, ತನ್ನ ಜಾಗ ಬಿಟ್ಟು ಪಕ್ಕಕ್ಕ ಓಡಾಕ ಹತ್ತಿದ ಅಂದ್ರ ಹೆಚ್ಚಾಗಿ ಬಾಲ್ ಆ ಕಡೀಗೇ ಹೊಂಟೈತಿ. ಈ ಗೇಮಿನ್ಯಾಗ ಅದು ನಡೀತೈತ್ರಿ! ಗಾರ್ಡ್ ನೋಡಾಕ ಶುರು ಮಾಡಿದ ಮ್ಯಾಲ ನನ್ನ ಆಟಾನ ಬದಲಾತು. ರೇಡರ್ ಕೈ ನೋಡಿದಾವ ಔಟ್ ಆಗ್ತಾನ, ನಡ ಮತ್ತ ಕಾಲು ನೋಡಿದಾವ ಹಿಡೀತಾನ ಅಂತ ನಮ್ಮ ಕೋಚ್ ದಿನಾ ಹೇಳ್ತಿದ್ರು, ಅದೂ ಇದೂ ಬುಡಕ್ಕ ಒಂದ.

ಇನ್ನ ಎರಡನೇದು, ಕಾಯೋದು. ಬಾಲ್ ಶುರು ಆದ ಕೂಡಲೇ ಆರ್2 ಒತ್ತಿ ನುಗ್ಗಿದ್ರ ಒಂದ್ಸಲ ಭಾರೀ ಟ್ಯಾಕಲ್ ಆಗಬಹುದು, ಆದ್ರ ಮುಂದಿನ ಸಲ ಓಡಾವ ನೀವು ಬಿಟ್ಟುಬಂದ ಜಾಗದಾಗ ತಿರುಗಿ ಹೋಗಿಬಿಡ್ತಾನ, ಹಿಂದ ಯಾರೂ ಇಲ್ಲ. ಕಬಡ್ಡಿಯಾಗ ಅಡ್ವಾನ್ಸ್ ಟ್ಯಾಕಲ್ ಅಂತ ಬೈಸ್ಕೋತೀವಲ್ಲ, ಅದ. ನಿಮಗ ಅಂತ ಒಂದು ಗ್ಯಾಪ್ ಇರ್ತೈತಿ, ಆ ಸಂದಿ ನಿಮ್ಮದು, ಬಾಲ್ ಅಲ್ಲಿ ಬರಲಿ ಬರದ ಇರಲಿ ಅದನ್ನ ಕಾಯಬೇಕು. ಎಲ್2 ಹಿಡಕೊಂಡು ಎದಿ ಮುಂದ ಮಾಡಿ ಅಡ್ಡಡ್ಡ ಸರಿದಾಡೋದು ಕಲೀರಿ, ಲೈನ್‌ಬ್ಯಾಕರ್ ಜೀವನದಾಗ ಮುಕ್ಕಾಲು ಭಾಗ ಅದ ಐತಿ. ಬಲಗಡೆ ಸ್ಟಿಕ್ ಮ್ಯಾಲಕ್ಕ ಒತ್ತಿದ್ರ ಜೋರ್ ಹೊಡ್ತ ಬೀಳ್ತೈತಿ, ನೋಡಾಕ ಮಸ್ತ್, ಆದ್ರ ತಪ್ಪಿದ್ರ ಅವ ಪಾರು. ತೋಳಿನ್ಯಾಗ ತಬ್ಬಿ ಕೆಡವೋದ ಭರವಸಿ. ಇಲ್ಲಿ ಇನ್ನೊಂದು ತಿಳಕೋರಿ, ಖರೇ ಕಾಲೇಜ್ ಆಟದಾಗ ತಲಿಗೆ ಗುರಿ ಇಟ್ಟು ಹೊಡದ್ರ ಟಾರ್ಗೆಟಿಂಗ್ ಅಂತ ಆಟಗಾರನ್ನ ಮ್ಯಾಚಿಂದ ಹೊರಗ ಹಾಕ್ತಾರ, 2013ರಿಂದ ಆ ನಿಯಮ ಐತಿ. ಹಂಗಾಗಿ ಈಗಿನ ಡಿಫೆಂಡರ್ ಆಗೋದು ಹಿಂದಿನವ್ರಿಗಿಂತ ಕಷ್ಟ, ಬಲ ಇದ್ರ ಸಾಲೂದಿಲ್ಲ, ಆ ಬಲ ಎಲ್ಲಿ ಬೀಳಬೇಕು ಅನ್ನೂದು ಕಣ್ಣು ಮುಚ್ಚಿ ತೆಗಿಯೂದರಾಗ ಗೊತ್ತಾಗಬೇಕು.

2024ರ ಸೀಸನ್ನಿಂದ ಇನ್ನೊಂದು ಬದಲಾವಣಿ ಆಗೇತಿ ಅಲ್ಲಿ. ಕೋಚ್ ಮೈದಾನದ ಹೊರಗಿಂದ ಹೆಲ್ಮೆಟ್ಟಿನೊಳಗ ಮಾತಾಡಬಹುದು, ಅಟ್ಯಾಕಿನ ಕಡೆ ಒಬ್ಬಾವಗ, ಡಿಫೆನ್ಸಿನ ಕಡೆ ಒಬ್ಬಾವಗ ಅಷ್ಟ, ಅವರ ಹೆಲ್ಮೆಟ್ಟಿನ ಮ್ಯಾಲ ಹಸಿರು ಚುಕ್ಕಿ ಇರ್ತೈತಿ, ಮುಂದಿನ ಪ್ಲೇ ಶುರು ಮಾಡಾಕ ಇರೋ ಗಡಿಯಾರ, ಪ್ಲೇ ಕ್ಲಾಕ್, 15 ಸೆಕೆಂಡಿಗೆ ಬಂದ ಕೂಡಲೇ ದನಿ ಬಂದ್. ಡಿಫೆನ್ಸಿನ್ಯಾಗ ಆ ಚುಕ್ಕಿ ಸಾಮಾನ್ಯ ಲೈನ್‌ಬ್ಯಾಕರ್‌ಗೇ ಹೋಗ್ತೈತಿ, ಯಾಕಂದ್ರ ಉಳಿದ ಹತ್ತು ಮಂದಿಗೆ ಕೂಗಿ ಹೇಳಾವ ಅವನ. ಅವನ ಕರಿಯರ್ ತೂಗಿ ನೋಡೂ ಮುಂದ ಇದನ್ನೂ ತೂಗಬೇಕು ಅಂತೀನಿ ನಾನು. ಮೈಯಿಂದ ಮಾಡಿದ್ದು ಅರ್ಧ, ಬಾಯಿಂದ ಮಾಡಿದ್ದು ಅರ್ಧ.

ಲೈನ್‌ಬ್ಯಾಕರ್ ಆಗಿ ಆಡೋರು ಒಬ್ಬನ ಕರಿಯರ್ ತಿಳಕೊಂಡು ಆಡ್ರಿ, ಲೂಕ್ ಕೀಕ್ಲಿ. ಬಾಸ್ಟನ್ ಕಾಲೇಜಿನ್ಯಾಗ 2009ರಿಂದ 2011ರ ತನಕ ಮೂರ ಸೀಸನ್ ಆಡಿದ, 158, 183, 191, ಒಟ್ಟು 532 ಟ್ಯಾಕಲ್. ಅಂಥಾ ದೈತ್ಯನೂ ಅಲ್ಲ, ಹೊಡ್ತಕ್ಕ ಹೆಸರಾದವನೂ ಅಲ್ಲ, ಬಾಲ್ ಎಲ್ಲಿ ಬರ್ತೈತಿ ಅಂತ ಅವಗ ಮೊದಲ ಗೊತ್ತಾಗ್ತಿತ್ತು ಅಂತ ಹೆಸರು. ವಿಡಿಯೋ ನೋಡಿ ನೋಡಿ ಎದುರಿನವ್ರ ಪ್ಲೇ ಬಾಯಿಪಾಠ ಮಾಡ್ತಿದ್ದ. 2011ರಾಗ ಬಟ್ಕಸ್ ಅವಾರ್ಡ್ ಬಂತು, ಅದು ಕಾಲೇಜಿನ ಬೆಸ್ಟ್ ಲೈನ್‌ಬ್ಯಾಕರ್‌ಗೆ ಕೊಡೋದು, ಮುಂದಿನ ವರ್ಷ ಡ್ರಾಫ್ಟಿನ್ಯಾಗ, ಅಂದ್ರ ಪ್ರೊ ಟೀಮಿನವ್ರು ಕಾಲೇಜ್ ಹುಡುಗರನ್ನ ಸರದಿ ಪ್ರಕಾರ ಆರಿಸ್ಕೋಳೋದರಾಗ, ಒಂಬತ್ತನೇಯವನಾಗಿ ಕೆರೊಲಿನಾ ಟೀಮಿಗೆ ಹೋದ. 2020ರ ಜನವರಿಗೆ, 28 ವಯಸ್ಸಿಗೆ ಆಟ ಬಿಟ್ಟುಬಿಟ್ಟ, ಅದಕ್ಕೂ ಮೊದಲು ತಲಿಗೆ ಪೆಟ್ಟು ತಿಂದು ಕನ್‌ಕಷನ್ ಆಗಿದ್ದು ಒಂದ್ಸಲ ಅಲ್ಲ. ಆ ಬಟ್ಕಸ್ ಅನ್ನಾವ, ಡಿಕ್ ಬಟ್ಕಸ್, ಇಲಿನಾಯ್ ಕಾಲೇಜಿನಾವ, 1964ರಾಗ ಹೈಸ್‌ಮನ್ ಟ್ರೋಫಿ ವೋಟಿಂಗಿನ್ಯಾಗ ಮೂರನೇಯವನಾಗಿದ್ದ. ಹೈಸ್‌ಮನ್ ಅಂದ್ರ ಇಡೀ ಕಾಲೇಜ್ ಫುಟ್‌ಬಾಲಿನ ದೊಡ್ಡ ಬಹುಮಾನ, 1935ರಿಂದ ಕೊಡಾಕತ್ತಾರ. ಡಿಫೆನ್ಸ್ ಆಡಾವಗ ಅದು ಸಿಗಾಕ 1997ರ ತನಕ ಕಾಯಬೇಕಾತು ನೋಡ್ರಿ, ಮಿಷಿಗನ್‌ನ ಚಾರ್ಲ್ಸ್ ವುಡ್‌ಸನ್, ಕಾರ್ನರ್‌ಬ್ಯಾಕ್, ಪೇಟನ್ ಮ್ಯಾನಿಂಗ್‌ನಂಥಾ ಕ್ವಾರ್ಟರ್‌ಬ್ಯಾಕನ್ನ ಹಿಂದ ಹಾಕಿ ಗೆದ್ದ. ಅರವತ್ತು ವರ್ಷದ ಮ್ಯಾಲ! ಅಷ್ಟು ದಿನ ಎದುರಿನವ್ರನ್ನ ತಡದು ತಡದು ಟೀಮ್ ಗೆಲ್ಲಿಸಿದವ್ರು ಎಷ್ಟು ಮಂದಿ ಇದ್ದಿರಬೇಕು ಅಂತ ನೆನಸ್ಕೊಂಡ್ರ ಸಂಕಟ ಆಗ್ತೈತಿ.

ಲೆಕ್ಕ ಇಡೂದರಾಗೂ ಹಿಂಗ ಆಗೇತಿ. ಎನ್‌ಸಿಎಎ ಡಿಫೆಂಡರ್‌ಗಳ ಟ್ಯಾಕಲ್ಲು, ಸ್ಯಾಕು ಅಧಿಕೃತ ಆಗಿ ಬರದಿಡಾಕ ಶುರು ಮಾಡಿದ್ದು 2000ದಿಂದ. ಸ್ಯಾಕ್ ಅಂದ್ರ ಕ್ವಾರ್ಟರ್‌ಬ್ಯಾಕ್ ಬಾಲ್ ಎಸಿಯೂ ಮೊದಲ ಅವನ್ನ ಕೆಡವೋದು. ಅಲಬಾಮಾದ ಡೆರಿಕ್ ಥಾಮಸ್ 1988ರಾಗ ಒಂದ ಸೀಸನ್ನಿಗೆ 27 ಸ್ಯಾಕ್ ಮಾಡ್ಯಾನ, ಆದ್ರ ದಾಖಲೆ ಪುಸ್ತಕದಾಗ ಅಧಿಕೃತ ಅಂತ ಇರೋದು 2002ರಾಗ ಅರಿಜೋನಾ ಸ್ಟೇಟಿನ ಟೆರೆಲ್ ಸಗ್ಸ್ ಮಾಡಿದ 24. ಇಂಟರ್‌ಸೆಪ್ಷನ್, ಅಂದ್ರ ಎದುರಿನವ್ರು ಎಸದ ಬಾಲ್ ನಡುವ ಹಿಡಿಯೋದು, ಅದರ ಲೆಕ್ಕ ಮಾತ್ರ ಹಳೇ ಕಾಲದಿಂದ ಐತಿ, ಇಲಿನಾಯ್‌ನ ಅಲ್ ಬ್ರಾಸ್ಕಿ 1950ರಿಂದ 52ರ ತನಕ ಹಿಡಿದ 29 ಇನ್ನೂ ಯಾರೂ ದಾಟಿಲ್ಲ. ನಮ್ಮ ಕಡೆ ನೋಡ್ರಿ, ಪ್ರೊ ಕಬಡ್ಡಿ ಬರೂಕಿಂತ ಮೊದಲು ಟ್ಯಾಕಲ್ ಪಾಯಿಂಟ್ ಅಂತ ಒಬ್ಬೊಬ್ಬ ಡಿಫೆಂಡರಿನ ಹೆಸರಿಗೆ ಎಣಿಸಿ ಟಿವಿಯಾಗ ತೋರಸ್ತಿದ್ರೇನು? ಈಗ ಫಜಲ್ ಅತ್ರಾಚಲಿ ಹೆಸರು ನಮ್ಮ ಹಳ್ಳಿ ಹುಡುಗರಿಗೂ ಗೊತ್ತು, ಅವ 500 ಟ್ಯಾಕಲ್ ಪಾಯಿಂಟ್ ದಾಟಿದ ಅಂತ ಕುಣೀತಾರ. ಲೆಕ್ಕ ಇಟ್ರ ಮಂದಿ ನೋಡ್ತಾರ. ಈ ಗೇಮಿನ್ಯಾಗ ನಿಮ್ಮ ಲೈನ್‌ಬ್ಯಾಕರ್ ಮಾಡಿದ ಟ್ಯಾಕಲ್ಲು, ಸ್ಯಾಕು, ತಡದ ಪಾಸು ಎಲ್ಲಾ ಮ್ಯಾಚಿಗೆ ಮ್ಯಾಚಿಗೆ ಬಿದ್ದುಕೋತ ಹೋಗ್ತಾವ, ಸೀಸನ್ ಮುಗಿದಾಗ ಅವನ್ನ ನೋಡಿದ್ರ ಒಬ್ಬ ಮನಷ್ಯಾನ ದುಡಿಮಿ ಕಣ್ಣಿಗೆ ಕಾಣ್ತೈತಿ. ನಾನು ಆಡಿದ ಮ್ಯಾಚಿನ ಸ್ಕೋರ್‌ಶೀಟ್ ಒಂದೂ ಉಳಿದಿಲ್ಲ, ಅದಕ್ಕ ಇದು ನನಗ ದೊಡ್ಡದು ಅನಿಸ್ತು ಏನೋ.

ಕಾರ್ನರ್‌ಬ್ಯಾಕ್ ಕರಿಯರ್ ಬಗ್ಗೆ ನನಗ ಅರ್ಧ ಖುಷಿ ಅರ್ಧ ಬ್ಯಾಸರ. ಎದುರಿನ ರಿಸೀವರ್‌ನ ಬೆನ್ನು ಹತ್ತಿ ಓಡೋದು, ಅವ ತಿರುಗಿದ ಕಡೆ ತಿರುಗೋದು, ಬಾಲ್ ಗಾಳಿಯಾಗ ಬಂದಾಗ ತ್ರಿಕೋನದ ಬಟನ್ ಒತ್ತಿ ಹಿಡೀಬೇಕೋ ಚೌಕದ ಬಟನ್ ಒತ್ತಿ ಬಡದು ಕೆಡವಬೇಕೋ ಅಂತ ಆ ಕ್ಷಣಕ್ಕ ತೀರ್ಮಾನ ಮಾಡೋದು, ಅದೆಲ್ಲಾ ಭಾರೀ ಐತಿ. ಹಿಡಿಯಾಕ ಹೋಗಿ ತಪ್ಪಿದ್ರ ಅವ ಸೀದಾ ಕಡೀ ಗೆರಿ ದಾಟಿ ಟಚ್‌ಡೌನ್. ಆಸೆ ಬ್ಯಾಡ, ಮೊದಮೊದಲು ಬಡದು ಕೆಡವ್ರಿ. ಬ್ಯಾಸರ ಏನಂದ್ರ ನೀವು ಚಲೋ ಕಾದಷ್ಟೂ ಬಾಲ್ ನಿಮ್ಮ ಕಡೆ ಬರೂದ ಕಮ್ಮಿ. ಇದು ಗೇಮಿನ ದೋಷ ಅಲ್ಲ, ಖರೇ ಆಟದಾಗೂ ಹಂಗ, ದೊಡ್ಡ ಕಾರ್ನರ್‌ಬ್ಯಾಕ್ ಇದ್ದ ಕಡೆ ಕ್ವಾರ್ಟರ್‌ಬ್ಯಾಕ್ ಎಸಿಯೂದ ಇಲ್ಲ, ಆ ಅರ್ಧ ಮೈದಾನ ಬಂದ್ ಮಾಡಿದ್ದ ಅವನ ದುಡಿಮಿ, ಆದ್ರ ಕಾಗದದ ಮ್ಯಾಲ ಅದಕ್ಕ ಸೊನ್ನಿ. ಟಿವಿ ಮುಂದ ಕುಂತು ಆಡಾವಗ ಬಾಲೇ ಬರದ ಪ್ಲೇ ಮ್ಯಾಲ ಪ್ಲೇ ಹೋದ್ರ ತಾಳ್ಮಿ ಬೇಕಾಗ್ತೈತಿ. ಇದ್ದವ್ರು ಆಡ್ರಿ, ಇಲ್ಲದವ್ರು ಲೈನ್‌ಬ್ಯಾಕರ್ ತಗೋರಿ.

ಗೇಮಿನ ಕವರ್ ಮ್ಯಾಲ ಮೂರು ಮಂದಿ ಅದಾರ, ಅವರಾಗ ಟ್ರಾವಿಸ್ ಹಂಟರ್ ಒಬ್ಬ. ಅವನ ಕರಿಯರ್ ಒಂದು ಅಚ್ಚರಿನ. 2022ರ ಬ್ಯಾಚಿಗೆ ದೇಶದಾಗ ಮೊದಲನೇ ನಂಬರ್ ಹುಡುಗ, ಫ್ಲೋರಿಡಾ ಸ್ಟೇಟಿಗೆ ಹೋಗ್ತೀನಿ ಅಂದಾವ ಕಡೀ ಗಳಿಗ್ಯಾಗ ಬದಲಾಗಿ ಜಾಕ್ಸನ್ ಸ್ಟೇಟ್ ಅನ್ನೋ ಸಣ್ಣ ಕಾಲೇಜಿಗೆ ಹೋದ, ಅಲ್ಲಿ ಕೋಚ್ ಡಿಯಾನ್ ಸ್ಯಾಂಡರ್ಸ್ ಇದ್ದ ಅಂತ, ಅವನೂ ಒಂದು ಕಾಲದ ಮಹಾ ಕಾರ್ನರ್‌ಬ್ಯಾಕ್. ಕೋಚ್ ಕೊಲರಾಡೋಗೆ ಹೋದಾಗ ಇವನೂ ಹೋದ. ಒಂದ ಮ್ಯಾಚಿನ್ಯಾಗ ಡಿಫೆನ್ಸಿನ್ಯಾಗ ಕಾರ್ನರ್‌ಬ್ಯಾಕ್, ಅಟ್ಯಾಕಿನ್ಯಾಗ ರಿಸೀವರ್, ಎರಡೂ. 2024ರಾಗ ಬಾಲ್ ಹಿಡದು 1,258 ಯಾರ್ಡ್, 15 ಟಚ್‌ಡೌನ್, ಡಿಫೆನ್ಸಿನ್ಯಾಗ 4 ಇಂಟರ್‌ಸೆಪ್ಷನ್, ಹೈಸ್‌ಮನ್ ಅವನಿಗೇ ಬಂತು, 2025ರ ಡ್ರಾಫ್ಟಿನ್ಯಾಗ ಎರಡನೇಯವನಾಗಿ ಜಾಕ್ಸನ್‌ವಿಲ್ ಟೀಮಿಗೆ ಹೋದ. ಕವರ್ ಮ್ಯಾಲ ಅವನ್ನ ಹಾಕಿ ಒಳಗ ಕರಿಯರ್ ಮೋಡಿನ್ಯಾಗ ಒಂದ ಪೊಸಿಷನ್ ಆರಿಸ್ಕೋ ಅಂದ್ರ ಹೆಂಗ್ರಿ? ಅವನಂಗ ಎರಡೂ ಕಡೆ ಆಡಾಕ ಬಿಡಬೇಕಿತ್ತು.

ಇದಕ್ಕಿಂತ ದೊಡ್ಡ ಕೊರತಿ ಇನ್ನೊಂದೈತಿ. ಮುಂದಿನ ಸಾಲಿನ ಡಿಫೆಂಡರ್‌ಗಳ ಕರಿಯರ್ ಇಲ್ಲವ ಇಲ್ಲ. ಸಗ್ಸ್‌ನಂಗ ಅಂಚಿನಿಂದ ನುಗ್ಗೋ ಡಿಫೆನ್ಸಿವ್ ಎಂಡ್ ಆಗಾಕ ಬರೂದಿಲ್ಲ, ನೆಬ್ರಾಸ್ಕಾದ ಎನ್ಡಾಮುಕಾಂಗ್ ಸೂನಂಗ ನಡುವ ನಿಂತು ಇಬ್ಬರಿಬ್ಬರನ್ನ ದೂಡೋ ಡಿಫೆನ್ಸಿವ್ ಟ್ಯಾಕಲ್ ಅನ್ನೋ ಪೊಸಿಷನ್ನಿನಾವ ಆಗಾಕ ಬರೂದಿಲ್ಲ, ಸೇಫ್ಟಿನೂ ಇಲ್ಲ. ಹನ್ನೊಂದು ಮಂದಿ ಡಿಫೆನ್ಸಿನ್ಯಾಗ ಎರಡು ನಮೂನಿಯವ್ರಿಗಷ್ಟ ಬಾಗಿಲಾ ತೆರದಾರ. ಮಜಾ ಅಂದ್ರ ಗೇಮಿನ್ಯಾಗ ಕಾಮೆಂಟರಿ ಹೇಳೋರಾಗ ಡೇವಿಡ್ ಪೊಲ್ಲಾಕ್ ಅದಾನ, ಅವ ಜಾರ್ಜಿಯಾ ಕಾಲೇಜಿನ ಡಿಫೆನ್ಸಿವ್ ಎಂಡ್, 36 ಸ್ಯಾಕ್ ಮಾಡಿದವ. 2005ರಾಗ ಮೊದಲನೇ ರೌಂಡಿನ್ಯಾಗ ಸಿನ್ಸಿನಾಟಿ ಟೀಮ್ ತಗೊಂಡ್ತು, ಮರು ವರ್ಷ ಸೀಸನ್ ಶುರುವಿಗೇ ಒಂದು ಟ್ಯಾಕಲ್ ಮಾಡೂ ಮುಂದ ಕುತ್ತಿಗಿ ಎಲುಬು ಮುರದು ಆಟಾನ ಮುಗೀತು. ಅವನ ದನಿ ಕೇಳಿಕೋತ ಆಡೂ ಮುಂದ ಅದು ನೆನಪಾಗ್ತೈತಿ. ಗೇಮಿನ್ಯಾಗ ಹೊಡ್ತ ಬಿದ್ದಂಗ ಬಿದ್ದಂಗ ಮೈಯಿನ ಯಾವ ಭಾಗ ಎಷ್ಟು ದಣದೈತಿ ಅಂತ ಲೆಕ್ಕ ಇಡ್ತಾರ, ಅದಕ್ಕ ವಾರದ ಎನರ್ಜಿ ಹಂಚೂ ಮುಂದ ಮೈ ಆರೈಕಿಗೆ ಕೈ ಬಿಗಿ ಹಿಡೀಬ್ಯಾಡ್ರಿ. ಡಿಫೆಂಡರ್ ಅಂದ್ರ ಪ್ರತಿ ಪ್ಲೇಗೂ ಮೈ ಬಡಸ್ಕೋಳಾವ.

ಸ್ಟೇಡಿಯಮ್ಮಿನ ಗದ್ದಲ ಮಾತ್ರ ಕೇಳಿದಾವನ ಬಲ್ಲ. ಮಿಷಿಗನ್ ಸ್ಟೇಡಿಯಮ್ಮಿನ್ಯಾಗ 1,07,601 ಮಂದಿ ಕುಂದರ್ತಾರ, ಕಾಲೇಜ್ ಮ್ಯಾಚ್ ನೋಡಾಕ್ರಿ! ಅಲ್ಲಿನ ಮಂದಿ ಒಂದು ಪದ್ಧತಿ ಇಟ್ಕೊಂಡಾರ, ತಮ್ಮ ಟೀಮ್ ಬಾಲ್ ಹಿಡದಾಗ ಸುಮ್ಮನಿರ್ತಾರ, ಯಾಕಂದ್ರ ಕ್ವಾರ್ಟರ್‌ಬ್ಯಾಕ್ ಕೂಗಿದ್ದು ಅವನ ಹುಡುಗರಿಗೆ ಕೇಳಬೇಕು. ತಮ್ಮ ಡಿಫೆನ್ಸ್ ಮೈದಾನಕ್ಕ ಬಂದಾಗ ಮುಗಲ ಹರದು ಬೀಳೂ ಹಂಗ ಕೂಗ್ತಾರ, ಎದುರಿನವ್ರಿಗೆ ತಮ್ಮ ಮಾತು ತಮಗ ಕೇಳಬಾರ್ದು ಅಂತ. ಗೇಮಿನ್ಯಾಗ ಹೊರಗಿನ ಸ್ಟೇಡಿಯಮ್ಮಿನ್ಯಾಗ ಅಟ್ಯಾಕ್ ಆಡಿದ್ರ ಸ್ಕ್ರೀನ್ ಅಳ್ಳಾಡ್ತೈತಿ, ಪ್ಲೇ ತೋರ್ಸೋ ಗೆರಿ ಡೊಂಕು ಡೊಂಕಾಗ್ತಾವ. ಡಿಫೆಂಡರ್ ಆಗಿ ಮನಿ ಮೈದಾನದಾಗ ನಿಂತ್ರ ಆ ಗದ್ದಲ ನಿಮ್ಮ ಪರವಾಗಿ. ಥರ್ಡ್ ಡೌನ್, ನಡುವ ನೀವು, ಕೂಗಾಟ ಮುಗಲಿಗೆ ಮುಟ್ಟೈತಿ, ಎದುರಿನ ಗಾರ್ಡ್ ಕಾಲು ಕದಲಸ್ತಾನ. ಹೆಡ್‌ಫೋನ್ ಹಾಕ್ಕೊಂಡು ಆಡ್ರಿ, ಟಿವಿ ಸ್ಪೀಕರ್ ಸಾಲೂದಿಲ್ಲ.

ನಮ್ಮ ಓಣಿ ಕಬಡ್ಡಿ ಹುಡುಗರು ಮನಿಗೆ ಬಂದು ಆಡ್ತಾರ. ಒಬ್ಬ ಸಣ್ಣಾವ ಮೊದಲನೇ ಸಲ ನೋಡಿ, "ಕಾಕಾ, ಇದರಾಗ ನಮಗ ಪಾಯಿಂಟ್ ಯಾವಾಗ ಸಿಗ್ತಾವು, ಬರೇ ಹಿಡಕೋತ ಇರೋದ?" ಅಂದ. ಲೈನ್‌ಬ್ಯಾಕರ್ ಆಗಿ ಒಂದ್ಸಲ ಬಾಲ್ ಕಸ್ಕೊಂಡು ಸೀದಾ ಎಂಡ್ ಝೋನಿಗೆ, ಪಾಯಿಂಟ್ ಸಿಗೋ ಜಾಗಕ್ಕ, ಓಡಿದ ಮ್ಯಾಲ ಅವನ ಕೈಯಿಂದ ಕಂಟ್ರೋಲರ್ ಕಸ್ಕೋಳಾಕ ಆಗಲಿಲ್ಲ. ಇನ್ನೊಬ್ಬ, ಬಲ ಕವರ್ ಆಡಾವ, ಮರುದಿನ ಪ್ರ್ಯಾಕ್ಟಿಸಿನ್ಯಾಗ "ಅಣ್ಣಾ, ನಿನ್ನ ಜಾಗ ನೀ ಬಿಡಬ್ಯಾಡ, ನಾ ನನ್ನ ಜಾಗ ಬಿಡೂದಿಲ್ಲ" ಅಂತ ತನ್ನ ಕಾರ್ನರ್‌ಗೆ ಕೂಗಿದ್ದು ಕೇಳಿ ನನಗ ಎಷ್ಟು ಖುಷಿ ಆತು ಅಂತ ಹೇಳಾಕ ಬರೂದಿಲ್ಲ. ಅದ ಹುಡುಗರು ಅಲ್ಲಿನ ರೊಕ್ಕದ ಸುದ್ದಿ ಕೇಳಿ ಬಾಯಿ ಮ್ಯಾಲ ಬೆರಳಿಟ್ರು. 2025 ಜುಲೈ 1ರಿಂದ ಕಾಲೇಜುಗಳು ಸೀದಾ ಆಟಗಾರರಿಗೆ ರೊಕ್ಕ ಹಂಚಬಹುದು, ಮೊದಲನೇ ವರ್ಷ ಒಂದು ಕಾಲೇಜಿಗೆ 20.5 ಮಿಲಿಯನ್ ಡಾಲರ್ ತನಕ, ಎಲ್ಲಾ ಆಟ ಸೇರಿ. ನಮ್ಮ ಹುಡುಗರು ಬಸ್ ಚಾರ್ಜಿಗೆ, ಊಟಕ್ಕ ಎಷ್ಟು ಕೊಟ್ಟಾರ ಅಂತ ಎಣಿಸೋರು. ಅವರಿಗೆ ಒಂದು ಚಲೋ ಮ್ಯಾಟ್ ಆದ್ರೂ ಸಿಗಬೇಕು, ಮಣ್ಣಿನ್ಯಾಗ ಕಲ್ತು ಮ್ಯಾಟಿನ ಮ್ಯಾಲ ಸ್ಟೇಟ್ ಆಡಾಕ ಹೋದ್ರ ಕಾಲು ಹೊಂದೂದಿಲ್ಲ, ಮೊಣಕಾಲು ಹೋಗ್ತಾವ. ರಿವ್ಯೂ ಬರಕೋತ ಎಲ್ಲಿಗೋ ಹೋದೆ, ಆದ್ರ ಇದನ್ನ ಹೇಳದ ಬಿಡಾಕ ಮನಸಾಗಲಿಲ್ಲ.

26 ಬಂದೈತಲ್ಲ, 25 ಯಾಕ ಅಂತ ಕೇಳೋರಿಗೆ: ಹೌದು, 2025 ಜುಲೈ 10ಕ್ಕ ಹೊಸದು ಬಂತು, ಅದೂ ಪಿಎಸ್5 ಎಕ್ಸ್‌ಬಾಕ್ಸ್ ಸೀರೀಸಿಗೇ, ಅದರಾಗ ಕರಿಯರ್ ಹೈಸ್ಕೂಲಿಂದ ಶುರು ಮಾಡಬಹುದು. ರೊಕ್ಕ ಇದ್ರ ಅದನ್ನ ತಗೋರಿ, ಹಳೇ ಡಿಸ್ಕ್ ಕಮ್ಮಿ ರೇಟಿಗೆ ಸಿಕ್ರ 25ನ್ನ ಬಿಡಬ್ಯಾಡ್ರಿ, ಲೈನ್‌ಬ್ಯಾಕರ್ ಆಗಿ ನಾಕು ವರ್ಷದ ಕರಿಯರ್ ಆಡಾಕ ಇದು ಸಾಕಾಗ್ತೈತಿ. ನನ್ನ ಕಡಿಯಿಂದ ಐದಕ್ಕ ನಾಕು. ಒಂದು ಸ್ಟಾರ್ ಕಡದಿದ್ದು ಮುಂದಿನ ಸಾಲಿನವ್ರನ್ನ ಕೈಬಿಟ್ಟಿದ್ದಕ್ಕ.

ಶುರು ಮಾಡೋರು ಹಿಂಗ ಮಾಡ್ರಿ. ಐದು ಸ್ಟಾರ್ ತಗೋಬ್ಯಾಡ್ರಿ, ಮೊದಲನೇ ದಿನಾನ ಆಡಸ್ತಾರ, ಗಳಿಸಿದ್ದು ಅಂತ ಅನಿಸೂದಿಲ್ಲ. ಮೂರು ಸ್ಟಾರಿನ ಮಿಡ್ಲ್ ಲೈನ್‌ಬ್ಯಾಕರ್ ಮಾಡ್ರಿ, ಬಾಸ್ಟನ್ ಕಾಲೇಜಿಗೋ ಇಲಿನಾಯ್‌ಗೋ ಹಾಕ್ರಿ, ಲೈನ್‌ಬ್ಯಾಕರ್‌ಗಳಿಗೇ ಹೆಸರಾದ ಪೆನ್ ಸ್ಟೇಟಿಗೆ ಹೋಗೂ ಆಸೆ ಇದ್ರ ಒಂದೆರಡು ಸೀಸನ್ ದುಡದು ಟ್ರಾನ್ಸ್‌ಫರ್ ತಗೊಂಡು ಹೋಗ್ರಿ. ಕಷ್ಟದ ಮಟ್ಟ ನಾಕು ಅದಾವ, ಫ್ರೆಶ್‌ಮನ್, ವಾರ್ಸಿಟಿ, ಆಲ್ ಅಮೆರಿಕನ್, ಹೈಸ್‌ಮನ್. ಆಟಾನ ಗೊತ್ತಿಲ್ಲದವ್ರು ಫ್ರೆಶ್‌ಮನ್‌ನ್ಯಾಗ ಗಾರ್ಡ್ ನೋಡೂದು ರೂಢಿ ಮಾಡ್ಕೊಂಡು ವಾರ್ಸಿಟಿಗೆ ಬರ್ರಿ. ಹೈಸ್‌ಮನ್‌ಗೆ ಅವಸರ ಮಾಡಬ್ಯಾಡ್ರಿ, ಅಲ್ಲಿ ಓಡಾವ ಒಂದ ಹೆಜ್ಜಿ ತಪ್ಪಿದ್ರೂ ಬಿಡೂದಿಲ್ಲ.